4 ಜಿಬಿ ಗ್ರಾಫಿಕ್ಸ್ ಕಾರ್ಡ್ ಎಂದರೆ ವೇಗದ ಕಾರ್ಡ್ ಎಂದರ್ಥವೇ?

ಕಡಿಮೆ ಬಜೆಟ್‌ನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಅನೇಕರು ಮೊದಲು ಕೇಳುವ ಪ್ರಶ್ನೆ, "ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿ?" ನನ್ನ ತಮ್ಮನೂ ಹಾಗೆಯೇ ಕೇಳಿ 4 ಜಿಬಿಯ ಅಗ್ಗದ ಕಾರ್ಡ್ ತಂದ. ಗೇಮ್ ತೆರೆದರೆ ಆಲ್ಬಮ್ ಪುಟ ಮಗುಚಿದ ಹಾಗೆ ಓಡುತ್ತಿತ್ತು!

ಜಿಬಿ ಎಂಬುದು ಮೆಮೊರಿಯ ಗಾತ್ರ ಮಾತ್ರ. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ನಲ್ಲಿ ಸಣ್ಣದಾದರೆ ನೀರು ಸಣ್ಣಗೇ ಬರುತ್ತದೆ. ಇಲ್ಲಿ ಆ ನಲ್ಲಿಯೇ ಬ್ಯಾಂಡ್‌ವಿಡ್ತ್. 2014ರಲ್ಲಿ ಬಂದ ಜಿಟಿ 730 ಕಾರ್ಡಿನ 64 ಬಿಟ್, ಡಿಡಿಆರ್3 ಮಾದರಿಯಲ್ಲಿ ಸೆಕೆಂಡಿಗೆ ಹರಿಯುವ ದತ್ತಾಂಶ ಸುಮಾರು 14 ಜಿಬಿ. 2019ರ ಜಿಟಿಎಕ್ಸ್ 1650ರಲ್ಲೂ ಇರುವುದು 4 ಜಿಬಿ ಮೆಮೊರಿಯೇ, ಆದರೆ ಹರಿಯುವುದು 128 ಜಿಬಿ. ಲೆಕ್ಕ ಮಾಡುವ ಕೋರ್‌ಗಳೂ 384ರ ಬದಲು 896.

ಒಳ್ಳೆಯ ಕಾರ್ಡಿಗೆ ಹಣ ಸಾಲದಿದ್ದರೆ? ಸದ್ಯಕ್ಕೆ ಕಾರ್ಡೇ ಬೇಡ ಎನ್ನುತ್ತೇನೆ. ರೈಜನ್ 5 5600ಜಿ ಥರದ ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇರುತ್ತದೆ. ವ್ಯಾಲೊರಂಟ್‌ನಂಥ ಹಗುರ ಗೇಮ್‌ಗಳಿಗೆ ಅದು ಸಾಕು. ಅದು ಬಳಸುವುದು ಕಂಪ್ಯೂಟರಿನ ರ‍್ಯಾಮ್ ಅನ್ನೇ ಆದ್ದರಿಂದ ಇಲ್ಲೂ ನಲ್ಲಿಯ ಮಾತು ಬರುತ್ತದೆ: 16 ಜಿಬಿಯ ಒಂದೇ ರ‍್ಯಾಮ್ ಬದಲು 8 ಜಿಬಿಯ ಎರಡು ಹಾಕಿ. ಡಿಡಿಆರ್4-3200 ಆದರೆ, ಸೆಕೆಂಡಿಗೆ 25.6 ಜಿಬಿ ಇದ್ದ ಹರಿವು 51.2 ಆಗುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್‌ಗಳಿದ್ದರೆ ಅಕ್ಕಪಕ್ಕ ಸಿಕ್ಕಿಸಬೇಡಿ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೆಯದು, ಕೈಪಿಡಿ ನೋಡಿಕೊಳ್ಳಿ.

ಉಳಿದ ಹಣದಲ್ಲಿ ಒಳ್ಳೆಯ ಪವರ್ ಸಪ್ಲೈ ಕೊಳ್ಳಿ. ಮುಂದೆ ಕಾರ್ಡ್ ಹಾಕುವಾಗ ಅದನ್ನು ಬದಲಿಸಬೇಕಾಗಿ ಬರುವುದಿಲ್ಲ.