35 ನಿಮಿಷ ಎಲ್ಲಿ ಹೋಯಿತು?

ಒಂಬತ್ತನೇ ತರಗತಿಗೆ ದೂರ, ಕಾಲ, ಜವದ ಪಾಠಕ್ಕೆ ಬೆಂಗಳೂರು–ದೆಹಲಿ ವಿಮಾನಯಾನವನ್ನು ಆರಿಸಿಕೊಂಡಿದ್ದೆ. ಎರಡೂ ನಗರಗಳು 77° ಪೂರ್ವ ರೇಖಾಂಶದ ಆಸುಪಾಸಿನಲ್ಲಿವೆ. ಬೆಂಗಳೂರು 13°, ದೆಹಲಿ 28.6° ಉತ್ತರ ಅಕ್ಷಾಂಶ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಅಟ್ಲಾಸ್ ನೋಡಿ ಮಕ್ಕಳೇ ಲೆಕ್ಕ ಹಾಕಿದರು: 15.6 × 111, ಅಂದರೆ ಸುಮಾರು 1,730 ಕಿ.ಮೀ. ಗಂಟೆಗೆ 800 ಕಿ.ಮೀ. ಜವವಾದರೆ 2 ಗಂಟೆ 10 ನಿಮಿಷ.

“ಮಿಸ್, ನಿಮ್ಮ ಚಾರ್ಟ್‌ನಲ್ಲಿ 2 ಗಂಟೆ 45 ನಿಮಿಷ ಅಂತ ಇದೆಯಲ್ಲ?” ಎಂದಳು ಹಿಂದಿನ ಬೆಂಚಿನ ಹುಡುಗಿ. ನಾನು ವಿಮಾನ ಹತ್ತಿದವಳಲ್ಲ. “ಅದು ಅಂದಾಜು” ಎಂದು ಕೂರಿಸಿಬಿಟ್ಟೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: “ಒಳ್ಳೆಯ ಪ್ರಶ್ನೆ ಕೈತಪ್ಪಿತು.”

ಮರುದಿನ ಆ ಪ್ರಶ್ನೆಯಿಂದಲೇ ಆರಂಭಿಸಿದೆ. ವೇಳಾಪಟ್ಟಿಯ ಅವಧಿ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇವರೆಗಿನ ನಿಧಾನ ಚಲನೆ, ಸರದಿಗಾಗಿ ಕಾಯುವುದು, ಏರುವಾಗ ಇಳಿಯುವಾಗ ಕಡಿಮೆ ಜವ, ಪೂರ್ತಿ ನೇರವಲ್ಲದ ವಾಯುಮಾರ್ಗ ಎಲ್ಲವೂ ಅದರಲ್ಲಿ ಸೇರಿವೆ. ಮಕ್ಕಳು 1,730ನ್ನು 2.75ರಿಂದ ಭಾಗಿಸಿದರು. ಗಂಟೆಗೆ ಸುಮಾರು 630 ಕಿ.ಮೀ. ಬಂತು. “ಹಾಗಾದರೆ 800 ಮೇಲೆ ಹಾರುವಾಗ ಮಾತ್ರ” ಎಂದಳು ಅದೇ ಹುಡುಗಿ.

‘ಸರಾಸರಿ ಜವ’ ಎಂಬ ಪದ ನನ್ನ ಮೊದಲ ದಿನದ ಪಾಠಯೋಜನೆಯಲ್ಲಿ ಇರಲೇ ಇಲ್ಲ.