ಆರ್ಕ್‌ರೈಟ್: ಮರದ ಪೆಟ್ಟಿಗೆಯಿಂದ ಬಂದ ಅಡ್ಡಹೆಸರು

ಆರ್ಕ್‌ರೈಟ್.
ಈ ಇಂಗ್ಲಿಷ್ ಅಡ್ಡಹೆಸರಿನೊಳಗೆ
ಯಾವ ಕಸುಬು ಅಡಗಿದೆ, ಹೇಳ್ತೀರಾ?

ಬನ್ನಿ, ಇಂಗ್ಲೆಂಡಿನ ಲ್ಯಾಂಕಾಶೈರ್‌ಗೆ.
ಹಿಂದೆ ಅಲ್ಲಿನ ಮನೆಗಳಲ್ಲಿ
ಹಿಟ್ಟು, ಧಾನ್ಯ ತುಂಬಿಡೋಕೆ
ದೊಡ್ಡ ಮರದ ಪೆಟ್ಟಿಗೆ ಇರ್ತಿತ್ತು.
ಓಕ್ ಮರದ ದಪ್ಪ ಹಲಗೆ.
ಮೊಳೆ ಬದಲು ಮರದ ಗೂಟ.
ಮೇಲೆ ಉಬ್ಬಿದ ಮುಚ್ಚಳ.

ಅದರ ಹೆಸರು ಆರ್ಕ್.
ರೈಟ್ ಅಂದ್ರೆ ಕುಶಲಕರ್ಮಿ.
ಆ ಪೆಟ್ಟಿಗೆ ಮಾಡೋರೇ ಆರ್ಕ್‌ರೈಟ್!

ನಮ್ಮಲ್ಲಿ ಬಡಿಗೇರ, ಕಂಬಾರ, ಪತ್ತಾರ ಇದ್ದಾರಲ್ಲ,
ಹಾಗೇನೇ.
ಕೈಯ ಕಸುಬೇ ಮನೆತನದ ಹೆಸರಾಯ್ತು.

ಸ್ಮಿತ್ ಅಂದ್ರೆ ಕಮ್ಮಾರ.
ಕಮ್ಮಾರ ಊರೂರಿಗೂ ಬೇಕಿತ್ತು,
ಸ್ಮಿತ್‌ಗಳು ಎಲ್ಲೆಲ್ಲೂ ಇದ್ದಾರೆ.
ಆರ್ಕ್‌ರೈಟ್ ಮಾತ್ರ ಅಪರೂಪ.
ಇವತ್ತಿಗೂ ಹೆಚ್ಚು ಕಾಣೋದು
ಲ್ಯಾಂಕಾಶೈರ್ ಸುತ್ತಮುತ್ತಲೇ.

ಆದ್ರೂ ಈ ಹೆಸರು ಜಗತ್ತಿಗೆಲ್ಲ ಗೊತ್ತು.
ಕಾರಣ, ರಿಚರ್ಡ್ ಆರ್ಕ್‌ರೈಟ್.
1732ರಲ್ಲಿ ಪ್ರೆಸ್ಟನ್‌ನಲ್ಲಿ ಹುಟ್ಟಿದವರು.
ದರ್ಜಿಯ ಮಗ.
ಮೊದಲು ಮಾಡಿದ್ದು ಕ್ಷೌರದ ಕೆಲಸ.
1769ರಲ್ಲಿ ನೂಲುವ ಯಂತ್ರಕ್ಕೆ ಪೇಟೆಂಟ್ ಪಡೆದರು.
1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ
ನೀರಿನ ಬಲದಿಂದ ಓಡುವ
ಹತ್ತಿ ಗಿರಣಿ ಶುರುಮಾಡಿದರು.
ಕೈಗಾರಿಕಾ ಕ್ರಾಂತಿಯ ದೊಡ್ಡ ಹೆಜ್ಜೆ ಅದು.

ಹೆಸರಲ್ಲಿ ಕಸುಬು ಉಳಿದರೆ
ದುಡಿದವರ ಗುರುತೂ ಉಳಿಯುತ್ತೆ.
ನಿಮ್ಮ ಅಡ್ಡಹೆಸರು ಯಾವ ಕಸುಬಿನದು?
ಮನೆಯ ಹಿರಿಯರನ್ನ ಕೇಳಿ,
ಕಾಮೆಂಟ್‌ನಲ್ಲಿ ಬರೀರಿ.