ಬಂಡೂರು ಮರಿ ಬೆಳೆದರೆ ಹೇಗಿರುತ್ತೆ? ಕೊಳ್ಳುವ ಮುಂಚೆಯೇ ತಿಳಿಯುವ ಗುರುತುಗಳು

ನಾಯಿಮರಿ ತರುವಾಗ ಪಂಜ ನೋಡಿ ತನ್ನಿ ಅಂತಾರೆ ನಮ್ಮ ಕಡೆ. ಪಂಜ ದಪ್ಪಗಿದ್ದರೆ ನಾಯಿ ಎತ್ತರವಾಗುತ್ತೆ ಎಂಬುದು ಹಿರಿಯರ ಲೆಕ್ಕ. ನಾಯಿ ವಿಷಯದಲ್ಲಿ ಈ ಲೆಕ್ಕ ತಪ್ಪಿದರೂ ನಷ್ಟವೇನಿಲ್ಲ, ಹೇಗೆ ಬೆಳೆದರೂ ಅದು ಮನೆ ಕಾಯುತ್ತದೆ. ಕುರಿಮರಿಯ ಮಾತು ಬೇರೆ. ಬಂಡೂರು ಎಂದು ಹೆಚ್ಚಿನ ದುಡ್ಡು ಕೊಟ್ಟು ತಂದ ಮರಿ ಎಂಟು ತಿಂಗಳಿಗೆ ಉದ್ದ ಕಾಲು, ಚೂಪು ಬೆನ್ನು ಬಿಟ್ಟುಕೊಂಡು ನಿಂತರೆ ಆ ನಷ್ಟ ಯಾರ ತಲೆಗೆ? ಎರಡು ಮೂರು ಮರಿ ಕಟ್ಟಿ ಮೇಯಿಸುವ ನಮ್ಮಂಥ ಸಣ್ಣ ರೈತರಿಗೆ ಒಂದು ಮರಿಯೂ ದೊಡ್ಡ ಬಂಡವಾಳವೇ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸಂತೆಗಳಲ್ಲಿ ಬಿಳಿ ಮರಿಗೆಲ್ಲ ಬಂಡೂರು ಎಂಬ ಹೆಸರು ಅಂಟಿಸುವುದು ಹೊಸದೇನಲ್ಲ. ಆದ್ದರಿಂದ ಮರಿ ಸಣ್ಣದಿರುವಾಗಲೇ ಮುಂದೆ ಏನಾದೀತು ಎಂದು ಅಂದಾಜು ಮಾಡುವುದನ್ನು ಕಲಿತಿರಬೇಕು. ಕುರಿ ಸಾಕಿ ನಾನು ಕಂಡುಕೊಂಡದ್ದನ್ನೂ, ತಿಳಿದವರಿಂದ ಕೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಬೆಳೆದ ಬಂಡೂರು ಹೇಗಿರಬೇಕು?

ಮೊದಲು ಗುರಿ ಗೊತ್ತಿರಬೇಕು. ಈ ತಳಿಯ ಮೂಲ ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮ. ಸರ್ಕಾರಿ ಕಾಗದದಲ್ಲಿ ಇದಕ್ಕೆ 'ಮಂಡ್ಯ ತಳಿ' ಎಂದು ಹೆಸರು. ಬನ್ನೂರು ಕುರಿ ಎನ್ನುವುದೂ ಇದನ್ನೇ.

ಕುರಿ ಗಾತ್ರದಲ್ಲಿ ದೊಡ್ಡದಲ್ಲ. ಬೆಳೆದ ಟಗರು ಸುಮಾರು 35 ಕಿಲೋ, ಹೆಣ್ಣು ಕುರಿ 25 ಕಿಲೋ ಆಚೀಚೆ. ಮೈ ಬಿಳಿ, ಕೆಲವಕ್ಕೆ ಮುಖ ತಿಳಿ ಕಂದು, ಆ ಕಂದು ಕುತ್ತಿಗೆವರೆಗೂ ಇಳಿಯಬಹುದು. ಗಂಡು ಹೆಣ್ಣು ಎರಡಕ್ಕೂ ಕೊಂಬಿಲ್ಲ. ಕಿವಿ ಉದ್ದ, ಅಗಲ, ಎಲೆಯಂತೆ ಜೋತುಬಿದ್ದಿರುತ್ತದೆ. ಮೂಗು ಸ್ವಲ್ಪ ಉಬ್ಬು. ಬಾಲ ಸಣ್ಣದು. ಬಹಳಷ್ಟು ಕುರಿಗಳಿಗೆ ಕೊರಳಲ್ಲಿ ಜೋಡಿ ಮೊಲೆ ಜೋತಾಡುತ್ತಿರುತ್ತದೆ. ಕಾಲು ಗಿಡ್ಡ, ಎದೆ ಅಗಲ. ಎಲ್ಲಕ್ಕಿಂತ ದೊಡ್ಡ ಗುರುತು ಹಿಂಬದಿಯದು. ಹಿಂದೆ ನಿಂತು ನೋಡಿದರೆ ಎರಡು ತೊಡೆ ಮತ್ತು ಸೊಂಟ ಸೇರಿ ಇಂಗ್ಲಿಷಿನ 'ಯು' ಅಕ್ಷರವನ್ನು ತಲೆಕೆಳಗೆ ಮಾಡಿದ ಹಾಗೆ ಕಾಣಬೇಕು. ಬೆರಕೆಯಲ್ಲಿ ಅದು ಸಾಮಾನ್ಯವಾಗಿ 'ವಿ' ಅಕ್ಷರ ಬೋರಲು ಬಿದ್ದಂತೆ ಚೂಪಾಗಿರುತ್ತದೆ.

ಮೂಳೆ ಮೊದಲು, ಮಾಂಸ ಆಮೇಲೆ

ಮರಿಯ ಮೈ ಎಲ್ಲ ಕಡೆ ಒಂದೇ ಸಮ ಬೆಳೆಯುವುದಿಲ್ಲ. ಕೇಂಬ್ರಿಜ್‌ನ ಜಾನ್ ಹ್ಯಾಮಂಡ್ ಕುರಿಯ ಬೆಳವಣಿಗೆ ಬಗ್ಗೆ 1932ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ತಲೆ ಮತ್ತು ಕಾಲಿನ ಕೆಳಭಾಗದ ಮೂಳೆ ಮೊದಲು ಬೆಳೆದುಬಿಡುತ್ತವೆ. ಆಮೇಲೆ ಎದೆ. ಸೊಂಟ, ತೊಡೆಯ ಮಾಂಸ ತುಂಬುವುದು ಕಡೆಗೆ.

ಹುಟ್ಟಿದ ಮರಿ ಕಾಲೇ ಕಾಲು ಕಾಣುವುದು ಇದಕ್ಕೇ. ಆ ಕಾಲು ಮುಂದೆ ಬೆಳೆಯುವುದು ಸ್ವಲ್ಪ, ಮೈ ಬೆಳೆಯುವುದು ಬಹಳ. ಹಾಗಾಗಿ ಮುಂಗಾಲಿನ ಮಂಡಿಯಿಂದ ಗೊರಸಿನವರೆಗಿನ ಉದ್ದ ಮರಿಯಲ್ಲೇ ಭವಿಷ್ಯ ಹೇಳುತ್ತದೆ. ಒಂದೇ ವಯಸ್ಸಿನ ನಾಲ್ಕು ಮರಿಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಆ ಮೂಳೆ ಗಿಡ್ಡವಾಗಿ, ಗಟ್ಟಿಯಾಗಿ ಇರುವ ಮರಿ ಬೆಳೆದ ಮೇಲೂ ನೆಲಕ್ಕೆ ಹತ್ತಿರ ಇರುತ್ತದೆ. ಅದು ಉದ್ದ, ಸಣಕಲು ಇದ್ದ ಮರಿ ಎಷ್ಟು ಮೇಯಿಸಿದರೂ ಎತ್ತರದ ಕುರಿಯೇ. ನಾಯಿಮರಿಯ ಪಂಜದ ಲೆಕ್ಕವೂ ಇದೇ ಜಾತಿಯದು.

ಮುಂಗಾಲುಗಳ ನಡುವಿನ ಅಗಲವನ್ನೂ ಕೈಯಿಟ್ಟು ನೋಡಿ. ಕಾಲು ಒಂದಕ್ಕೊಂದು ಅಂಟಿದಂತಿದ್ದರೆ ಎದೆ ಅಗಲವಾಗುವ ಆಸೆ ಬಿಡಿ.

ಬಣ್ಣ ನೋಡಿ ಮೋಸ ಹೋಗಬೇಡಿ

'ಬೆಳ್ಳಗೈತೆ, ಕಿವಿ ಜೋತೈತೆ, ಬಂಡೂರೇ ಕಣಣ್ಣೋ' ಅಂತ ಮಾರುವವರು ಹೇಳಬಹುದು. ಕುರಿಗಳಲ್ಲಿ ಬಿಳಿ ಬಣ್ಣ ಸಾಮಾನ್ಯವಾಗಿ ಬೇರೆ ಬಣ್ಣವನ್ನು ಮುಚ್ಚಿಹಾಕುತ್ತದೆ. ಬಿಳಿ ಟಗರಿಗೆ ಕಪ್ಪು ಕುರಿ ಕೂಡಿಸಿದರೂ ಮರಿ ಬಿಳಿಯಾಗಿಯೇ ಬರಬಹುದು. ಒಳಗಿನ ಕಪ್ಪು ಹೊರಗೆ ಕಾಣುವುದು ಮೊಮ್ಮಗನ ಕಾಲಕ್ಕೆ. ಕೊರಳ ಮೊಲೆಯನ್ನೂ ಒಂದರಿಂದಲೇ ನಂಬುವಂತಿಲ್ಲ. ಬೆರಕೆ ಮರಿಗೂ ಬರುತ್ತದೆ, ಶುದ್ಧ ಮರಿಗೆ ಇಲ್ಲದೆಯೂ ಇರುತ್ತದೆ.

ಟಗರು ಮರಿಯ ನೆತ್ತಿ ಸವರಿ ನೋಡಿ. ಕೊಂಬಿನ ಮೊಳಕೆ ಬೆರಳಿಗೆ ಸಿಕ್ಕರೆ ಅದು ಬೆರಕೆ ಎಂದೇ ತಿಳಿಯಿರಿ.

ತಾಯಿ ನೋಡಿ, ತಂದೆ ಕೇಳಿ

ಮರಿಗಿಂತ ಅದರ ಅಪ್ಪ ಅಮ್ಮನೇ ಹೆಚ್ಚು ಹೇಳುತ್ತವೆ. ಸಾಧ್ಯವಾದಷ್ಟು ಸಂತೆ ಬಿಟ್ಟು ಕುರಿ ಸಾಕಿದವರ ಮನೆ ಬಾಗಿಲಿಗೇ ಹೋಗಿ. ತಾಯಿಯ ಹಿಂಬದಿ, ಕಾಲು ನೋಡಿ. ಅಕ್ಕ ಅಣ್ಣ ಮರಿಗಳಿದ್ದರೆ ಅವನ್ನೂ ನೋಡಿ. ಮೂರು ಮರಿ ಮೂರು ತರಹ ಇದ್ದರೆ ರಕ್ತ ಬೆರೆತಿದೆ ಎಂದರ್ಥ. ಮೊದಲ ತಲೆಮಾರಿನ ಬೆರಕೆ ಮರಿ ಚೆನ್ನಾಗಿಯೇ ಕಾಣಬಹುದು, ಅದರ ಮಕ್ಕಳಲ್ಲಿ ಗುಣ ಚೆಲ್ಲಾಪಿಲ್ಲಿಯಾಗುತ್ತದೆ.

ಟಗರು 'ಮೂವತ್ತೈದು ಕಿಲೋ' ಅಂದರೆ ಟೇಪು ಹಿಡಿದು ನೋಡಬಹುದು. ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದಿಂದ ಸೊಂಟದ ತುದಿವರೆಗಿನ ಉದ್ದದಿಂದ ಗುಣಿಸಿ 660ರಿಂದ ಭಾಗಿಸಿ. ಸುತ್ತಳತೆ 26, ಉದ್ದ 24 ಇಂಚು ಇದ್ದರೆ ಸುಮಾರು 24.5 ಕಿಲೋ. ತಕ್ಕಡಿಯಷ್ಟು ನಿಖರ ಅಲ್ಲ, ಆದರೆ ಬಾಯಿಮಾತಿಗಿಂತ ವಾಸಿ.

ಗಿಡ್ಡ ಬೇರೆ, ಬಡಕಲು ಬೇರೆ

ಇಲ್ಲಿ ಬಹಳ ಜನ ಎಡವುತ್ತಾರೆ. ಹೊಟ್ಟೆಗಿಲ್ಲದೆ, ಜಂತುಹುಳು ಬಿದ್ದು ಕುಗ್ಗಿದ ಮರಿಯನ್ನೂ 'ಗಿಡ್ಡ ತಳಿ' ಎಂದು ಮಾರಬಹುದು. ಗುರುತಿಸುವುದು ಸುಲಭ. ಮೇವು ಸಾಲದಾಗ ತಲೆ, ಕಾಲು ಹೇಗೋ ಬೆಳೆದುಕೊಳ್ಳುತ್ತವೆ. ಏಟು ಬೀಳುವುದು ಸೊಂಟಕ್ಕೆ, ತೊಡೆಗೆ. ಆದ್ದರಿಂದ ಬಡಕಲು ಮರಿಗೆ ತಲೆ ದೊಡ್ಡದು, ಕುತ್ತಿಗೆ ಸಣ್ಣದು, ಹೊಟ್ಟೆ ಜೋಲು, ಕೂದಲು ಒರಟು. ಕೆಳರೆಪ್ಪೆ ಬಗ್ಗಿಸಿ ನೋಡಿ. ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ರಕ್ತ ಹೀರುವ ಹುಳು ಇರುವ ಸಂಭವ ಹೆಚ್ಚು. ಅಂಥ ಮರಿಗೆ ಪಶುವೈದ್ಯರ ಸಲಹೆಯಂತೆ ಔಷಧಿ ಹಾಕಿದರೆ ಚೇತರಿಸೀತು, ಬಂಡೂರು ಆಗದು. ನಿಜವಾದ ಗಿಡ್ಡ ಮರಿ ಕೈಗೆ ಎತ್ತಿದರೆ ಕಂಡದ್ದಕ್ಕಿಂತ ಭಾರ ಇರುತ್ತದೆ.

ಯಾವ ವಯಸ್ಸಿಗೆ ಏನು ತಿಳಿಯುತ್ತದೆ?

ಹುಟ್ಟಿದ ತೂಕ ಹೆಚ್ಚೇನೂ ಹೇಳುವುದಿಲ್ಲ. ಎರಡು ಕಿಲೋ ಆಸುಪಾಸು ಇರುತ್ತದೆ. ಅವಳಿ ಮರಿ, ಚೊಚ್ಚಲ ಮರಿ ಹಗುರ ಇರುವುದು ಸಹಜ. ಕಿವಿ, ಮೂಗು, ಕೊರಳ ಮೊಲೆ, ದವಡೆ, ಬೀಜ ಇವನ್ನು ಆಗಲೇ ನೋಡಬಹುದು. ಗಂಡು ಮರಿಯ ಎರಡೂ ಬೀಜ ಇಳಿದಿರಬೇಕು. ಕೆಳಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂಡಬೇಕು. ಇವೆರಡು ಸರಿಯಿಲ್ಲದ ಟಗರನ್ನು ತಳಿಗೆ ಬಿಡಬೇಡಿ.

ಮೂರು ತಿಂಗಳಿನ ತೂಕ ಹೆಚ್ಚಾಗಿ ತಾಯಿ ಹಾಲಿನ ಲೆಕ್ಕ. ಆರು ತಿಂಗಳಿನದು ಮರಿಯ ಸ್ವಂತ ಗುಣದ ಲೆಕ್ಕ. ಮಾಂಸಕ್ಕೆ ಸಾಕುವವರು ಮೂರು ತಿಂಗಳಿಗೇ ಕಾಲು, ಎದೆ, ಹಿಂಬದಿ ನೋಡಿ ಕೊಳ್ಳಬಹುದು. ತಳಿಗೆ ಟಗರು ಆರಿಸುವವರು ಆರು ತಿಂಗಳವರೆಗೆ ಕಾಯುವುದೇ ಲೇಸು. ಪೂರ್ತಿ ಮೈ ತುಂಬುವುದು ಎರಡು ಹಲ್ಲು ಬಿದ್ದು ಹುಟ್ಟಿದ ಮೇಲೆ, ಅಂದರೆ ವರ್ಷ ದಾಟಿದ ಮೇಲೆ.

ಚೆಂದದ ಮರಿ ಎಲ್ಲಿಗೆ ಹೋಗುತ್ತಿದೆ?

ಈ ಗುರುತು ಕಲಿತವರು ಮಾಡುವ ಕೆಲಸ ಇನ್ನೊಂದಿದೆ. ನಮ್ಮ ಕೊಟ್ಟಿಗೆಯ ಅತಿ ಚೆಂದದ ಟಗರು ಮರಿಗೇ ಬಕ್ರೀದಿಗೆ ಒಳ್ಳೆ ಬೆಲೆ. ಅದು ಹೋಗುತ್ತದೆ, ಉಳಿದ ಸಾಧಾರಣ ಟಗರು ಊರ ಕುರಿಗಳಿಗೆಲ್ಲ ಅಪ್ಪನಾಗುತ್ತದೆ. ಹೀಗೇ ಹತ್ತು ವರ್ಷ ನಡೆದರೆ ಬಂಡೂರಿನ ಹೆಸರು ಉಳಿದೀತು, ಮೈಕಟ್ಟು ಉಳಿಯದು.

ನಾಲ್ಕೈದು ಮನೆಯವರು ಸೇರಿ ಒಂದು ಒಳ್ಳೆ ಟಗರು ಉಳಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬೇರೆ ಊರಿನವರೊಂದಿಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಅದರ ಮಗಳಿಗೇ ಅದು ಕೂಡಿ ಮರಿ ಬಲಹೀನವಾಗುತ್ತದೆ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕ್ಷೇತ್ರವಿದೆ. ಒಮ್ಮೆ ಹೋಗಿ ಅಲ್ಲಿನ ಕುರಿಗಳನ್ನು ಕಣ್ತುಂಬ ನೋಡಿ ಬಂದರೆ, ಸಂತೆಯಲ್ಲಿ ನಿಮ್ಮ ಕಣ್ಣೇ ತಕ್ಕಡಿಯಾಗುತ್ತದೆ.

ನೀವು ಬೇರೆ ಗುರುತು ನೋಡಿ ಮರಿ ಆರಿಸುತ್ತಿದ್ದರೆ ಈ ಪುಟಕ್ಕೆ ಬರೆಯಿರಿ. ಹತ್ತು ಜನರ ಕಣ್ಣು ಸೇರಿದರೆ ನಮ್ಮ ಸೀಮೆಯ ಕುರಿ ನಮ್ಮಲ್ಲೇ ಉಳಿಯುತ್ತದೆ.